ಹರಳಿನ ಕಲ್ಮಶ ಎಲೆಕ್ಟ್ರಾನ್ ಹಿಡಿದು ಬೆಳಕು ಕೊಡುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿಯಲ್ಲಿ ಡೋಪಿಂಗ್ ಓದಿದವರಿಗೆ ಕಲ್ಮಶ ಅಂದರೆ ಕರೆಂಟ್ ಚೆನ್ನಾಗಿ ಹರಿಯಲಿ ಅಂತ ಅರೆವಾಹಕಕ್ಕೆ ಸೇರಿಸುವ ವಸ್ತು. ಅದೇ ಕಲ್ಮಶ ಬೆಳಕನ್ನೂ ಕೊಡುತ್ತದೆ. ಇನ್ನೊಂದು ಕಡೆ ಇರುವ ಬೆಳಕನ್ನೂ ಕೊಲ್ಲುತ್ತದೆ. ಯಾವಾಗ ಯಾವುದು ಆಗುತ್ತದೆ, ಯಾಕೆ ಆಗುತ್ತದೆ ಎಂಬುದು ಈ ಪುಟದ ವಿಷಯ.

ಕಲ್ಮಶ ಅಂದರೆ ಕೊಳೆ ಅಂತಾನಾ? ಎಷ್ಟು ಇರುತ್ತದೆ?

ಹರಳಿನಲ್ಲಿ ಪರಮಾಣುಗಳು ಕ್ರಮವಾಗಿ ಜೋಡಿಸಿಕೊಂಡಿರುತ್ತವೆ. ಒಂದು ಪರಮಾಣು ಇರಬೇಕಾದ ಜಾಗದಲ್ಲಿ ಬೇರೆ ಧಾತುವಿನ ಪರಮಾಣು ಕೂತಿದ್ದರೆ ಅದು ಕಲ್ಮಶ. ಜಾಗ ಖಾಲಿ ಬಿದ್ದಿದ್ದರೆ ಅದೂ ಒಂದು ದೋಷ. ಕೆಲವೊಮ್ಮೆ ಕಲ್ಮಶ ಮತ್ತು ಖಾಲಿ ಜಾಗ ಅಕ್ಕಪಕ್ಕ ಸೇರಿಕೊಂಡು ಮೂರನೆಯ ಬಗೆಯ ದೋಷವಾಗುತ್ತದೆ. ವಜ್ರದಲ್ಲಿ ಹೀಗೆ ಆಗುತ್ತದೆ, ಮುಂದೆ ನೋಡೋಣ.

ಪ್ರಮಾಣ ಬಹಳ ಕಡಿಮೆ. ಸಿಲಿಕಾನ್‌ನ ಒಂದು ಘನ ಸೆಂಟಿಮೀಟರ್‌ನಲ್ಲಿ 5×10²² ಪರಮಾಣುಗಳಿವೆ. ಅದರಲ್ಲಿ 10¹⁶ ಕಲ್ಮಶ ಇದೆ ಅಂದರೆ 50 ಲಕ್ಷಕ್ಕೆ ಒಂದು. ಅಷ್ಟೇ ಇದ್ದರೂ ಹರಳಿನ ಗುಣ ಪೂರ್ತಿ ಬದಲಾಗಬಹುದು.

ಎಲೆಕ್ಟ್ರಾನ್‌ನ "ಹಿಡಿಯುವುದು" ಅಂದರೆ ಏನು?

ಅರೆವಾಹಕದಲ್ಲಿ ಎಲೆಕ್ಟ್ರಾನ್‌ಗಳಿಗೆ ಶಕ್ತಿಯ ಎರಡು ಪಟ್ಟಿಗಳಿವೆ. ಕೆಳಗಿನದು ತುಂಬಿರುತ್ತದೆ, ಮೇಲಿನದು ಹೆಚ್ಚು ಕಡಿಮೆ ಖಾಲಿ. ಎರಡರ ನಡುವೆ ಅಂತರವಿದೆ. ಶುದ್ಧ ಹರಳಿನಲ್ಲಿ ಈ ಅಂತರದಲ್ಲಿ ಎಲೆಕ್ಟ್ರಾನ್‌ಗೆ ನಿಲ್ಲಲು ಜಾಗವೇ ಇಲ್ಲ. ಸಿಲಿಕಾನ್‌ನಲ್ಲಿ ಈ ಅಂತರ 1.12 ಎಲೆಕ್ಟ್ರಾನ್ ವೋಲ್ಟ್ (ಇದು ಶಕ್ತಿಯ ಒಂದು ಚಿಕ್ಕ ಅಳತೆ), ಗ್ಯಾಲಿಯಂ ನೈಟ್ರೈಡ್‌ನಲ್ಲಿ 3.4, ವಜ್ರದಲ್ಲಿ ಸುಮಾರು 5.5.

ಕಲ್ಮಶ ಬಂದಾಗ ಅಂತರದ ನಡುವೆ ಒಂದು ಹೊಸ ಮಟ್ಟ ಹುಟ್ಟುತ್ತದೆ. ಮೇಲಿನ ಪಟ್ಟಿಯಲ್ಲಿ ಓಡಾಡುತ್ತಿದ್ದ ಎಲೆಕ್ಟ್ರಾನ್ ಅಲ್ಲಿಗೆ ಇಳಿದು ಆ ಪರಮಾಣುವಿನ ಹತ್ತಿರವೇ ನಿಂತುಬಿಡುತ್ತದೆ. ಇದೇ ಹಿಡಿತ. ಇಂಥ ಜಾಗಕ್ಕೆ ಟ್ರ್ಯಾಪ್ ಅನ್ನುತ್ತಾರೆ. ಸಿಲಿಕಾನ್‌ನಲ್ಲಿ ರಂಜಕದ ಮಟ್ಟ ಮೇಲಿನ ಪಟ್ಟಿಗಿಂತ ಕೇವಲ 0.045 ಎಲೆಕ್ಟ್ರಾನ್ ವೋಲ್ಟ್ ಕೆಳಗಿದೆ. ಕೋಣೆಯ ಶಾಖವೇ ಎಲೆಕ್ಟ್ರಾನ್‌ನ ಅಲ್ಲಿಂದ ಮತ್ತೆ ಮೇಲೆ ತಳ್ಳುತ್ತದೆ. ಅದೇ ಸಿಲಿಕಾನ್‌ನಲ್ಲಿ ಚಿನ್ನದ ಒಂದು ಮಟ್ಟ ಹೆಚ್ಚು ಕಡಿಮೆ ಅಂತರದ ನಡುಮಧ್ಯದಲ್ಲಿದೆ. ಅಲ್ಲಿ ಬಿದ್ದ ಎಲೆಕ್ಟ್ರಾನ್ ಸುಲಭವಾಗಿ ಮೇಲೆ ಬರುವುದಿಲ್ಲ.

ಹಿಡಿದ ಮಾತ್ರಕ್ಕೆ ಬೆಳಕು ಬರುತ್ತಾ?

ಇಲ್ಲ. ಕೆಳಗಿನ ಪಟ್ಟಿಯಲ್ಲಿ ಒಂದು ಖಾಲಿ ಜಾಗ, ಅಂದರೆ ಹೋಲ್, ಇರಬೇಕು. ಟ್ರ್ಯಾಪ್‌ನಲ್ಲಿರುವ ಎಲೆಕ್ಟ್ರಾನ್ ಆ ಹೋಲ್‌ನ ಸೇರುವಾಗ ಉಳಿದ ಶಕ್ತಿ ಹೊರಗೆ ಬರಬೇಕು. ಅದು ಬೆಳಕಾಗಿ ಬರಬಹುದು, ಹರಳಿನ ಕಂಪನವಾಗಿ ಬರಬಹುದು. ಕಂಪನ ಅಂದರೆ ಕೊನೆಗೆ ಶಾಖವೇ. ಈ ಎರಡರ ನಡುವಿನ ಪೈಪೋಟಿಯೇ ಇಡೀ ವಿಷಯದ ತಿರುಳು.

ಒಂದು ನಿಜವಾದ ಉದಾಹರಣೆ ಕೊಡಿ.

ಹಳೆಯ ಟೇಪ್ ರೆಕಾರ್ಡರ್, ಸ್ಟೆಬಿಲೈಸರ್‌ಗಳಲ್ಲಿ ಮಂದವಾದ ಹಳದಿಮಿಶ್ರಿತ ಹಸಿರು ಎಲ್‌ಇಡಿ ಇರುತ್ತಿತ್ತಲ್ವಾ? ಅವುಗಳಲ್ಲಿ ಹೆಚ್ಚಿನವು ಗ್ಯಾಲಿಯಂ ಫಾಸ್ಫೈಡ್ ಹರಳಿನವು. ಆ ಬೆಳಕು ಕೊಡುತ್ತಿದ್ದದ್ದು ಅದರೊಳಗಿನ ನೈಟ್ರೋಜನ್ ಕಲ್ಮಶ.

ಗ್ಯಾಲಿಯಂ ಫಾಸ್ಫೈಡ್‌ನ ಅಂತರ 2.26 ಎಲೆಕ್ಟ್ರಾನ್ ವೋಲ್ಟ್. ಲೆಕ್ಕದ ಪ್ರಕಾರ ಇದು ಹಸಿರಿಗೆ ಸರಿಯಾಗಿದೆ. ಆದರೆ ಶುದ್ಧ ಹರಳು ಬೆಳಕು ಕೊಡುವುದರಲ್ಲಿ ತೀರಾ ದುರ್ಬಲ. ಕಾರಣ ಸಂವೇಗ. ಮೇಲಿನ ಪಟ್ಟಿಯ ತಳದಲ್ಲಿರುವ ಎಲೆಕ್ಟ್ರಾನ್‌ಗೆ ಒಂದು ಸಂವೇಗ, ಕೆಳಗಿನ ಪಟ್ಟಿಯ ತುದಿಯಲ್ಲಿರುವ ಹೋಲ್‌ಗೆ ಇನ್ನೊಂದು. ಎರಡೂ ಸೇರಬೇಕಾದರೆ ಆ ವ್ಯತ್ಯಾಸವನ್ನು ಯಾರಾದರೂ ಹೊರಬೇಕು. ಬೆಳಕಿನ ಕಣವಾದ ಫೋಟಾನ್‌ಗೆ ಅಷ್ಟು ಸಂವೇಗವಿಲ್ಲ. ಹಾಗಾಗಿ ಹರಳಿನ ಕಂಪನವೂ ಅದೇ ಕ್ಷಣಕ್ಕೆ ಕೈಜೋಡಿಸಬೇಕು. ಹಾಗಾಗುವುದು ಅಪರೂಪ. ಅಷ್ಟರಲ್ಲಿ ಎಲೆಕ್ಟ್ರಾನ್ ಇನ್ನೆಲ್ಲೋ ಹೋಗಿ ಶಕ್ತಿಯನ್ನು ಶಾಖವಾಗಿ ಕಳೆದುಕೊಂಡಿರುತ್ತದೆ.

ಈಗ ಕೆಲವು ರಂಜಕದ ಪರಮಾಣುಗಳ ಜಾಗದಲ್ಲಿ ನೈಟ್ರೋಜನ್ ಕೂರಿಸಿ. ಘನ ಸೆಂಟಿಮೀಟರ್‌ಗೆ 10¹⁸ ಸಾಕು, ಅಂದರೆ ಸುಮಾರು 25 ಸಾವಿರ ರಂಜಕಕ್ಕೆ ಒಂದು ನೈಟ್ರೋಜನ್. ಎಲೆಕ್ಟ್ರಾನ್ ನೈಟ್ರೋಜನ್‌ನ ಸುತ್ತ ಬಹಳ ಇಕ್ಕಟ್ಟಾದ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ. ಕ್ವಾಂಟಂ ನಿಯಮದ ಪ್ರಕಾರ ಜಾಗ ಇಕ್ಕಟ್ಟಾದಷ್ಟೂ ಸಂವೇಗ ಹರಡಿಕೊಳ್ಳುತ್ತದೆ. ಒಂದೇ ಸಂವೇಗಕ್ಕೆ ಅಂಟಿಕೊಂಡಿದ್ದ ಎಲೆಕ್ಟ್ರಾನ್‌ಗೆ ಈಗ ಹಲವು ಸಂವೇಗಗಳ ಪಾಲು ಇದೆ. ಅದರಲ್ಲಿ ಹೋಲ್‌ಗೆ ಹೊಂದುವ ಪಾಲೂ ಇದೆ. ಕಂಪನದ ಸಹಾಯವಿಲ್ಲದೆ ಬೆಳಕು ಹೊರಡುತ್ತದೆ, ಸುಮಾರು 565 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನಲ್ಲಿ.

1960ರ ದಶಕದ ನಡುವಿನಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಥಾಮಸ್ ಮತ್ತು ಹಾಪ್‌ಫೀಲ್ಡ್ ಇದನ್ನು ಬಿಡಿಸಿ ತೋರಿಸಿದರು. ಹರಳಿನ ಒಂದು ದೌರ್ಬಲ್ಯವನ್ನು ಇನ್ನೊಂದು "ದೋಷ" ಸರಿಮಾಡುತ್ತದೆ ಅನ್ನುವುದು ನನಗೆ ಇವತ್ತಿಗೂ ಅದ್ಭುತ ಅನಿಸುತ್ತದೆ.

ನೈಟ್ರೋಜನ್‌ಗೂ ರಂಜಕಕ್ಕೂ ಹೊರಗಿನ ಎಲೆಕ್ಟ್ರಾನ್ 5 ತಾನೇ? ಹಾಗಿದ್ದರೆ ನೈಟ್ರೋಜನ್ ಯಾಕೆ ಹಿಡಿಯುತ್ತದೆ?

ಒಳ್ಳೆಯ ಪ್ರಶ್ನೆ. ಎಲೆಕ್ಟ್ರಾನ್ ಲೆಕ್ಕ ಒಂದೇ ಆದ್ದರಿಂದ ಇಲ್ಲಿ ಹೆಚ್ಚುವರಿ ವಿದ್ಯುದಂಶ ಇಲ್ಲ. ಆದರೆ ನೈಟ್ರೋಜನ್ ಚಿಕ್ಕ ಪರಮಾಣು, ಎಲೆಕ್ಟ್ರಾನ್‌ನ ತನ್ನ ಕಡೆ ಸೆಳೆಯುವ ಗುಣ ರಂಜಕಕ್ಕಿಂತ ಜಾಸ್ತಿ. ಆ ಸೆಳೆತ ಬಹಳ ಹತ್ತಿರಕ್ಕೆ ಮಾತ್ರ ಕೆಲಸ ಮಾಡುತ್ತದೆ, ಹಿಡಿತವೂ ಸಡಿಲ. ಎಲೆಕ್ಟ್ರಾನ್ ಬಂದು ಕೂತ ಮೇಲೆ ಆ ಜಾಗ ಋಣ ವಿದ್ಯುದಂಶ ಪಡೆಯುತ್ತದೆ. ಆಗ ಧನ ವಿದ್ಯುದಂಶದ ಹೋಲ್ ತಾನಾಗಿಯೇ ಸೆಳೆದುಕೊಂಡು ಬರುತ್ತದೆ. ಎರಡೂ ಒಂದೇ ಕಡೆ ಸೇರಿದ ಮೇಲೆ ಬೆಳಕು. ಮೊದಲು ಎಲೆಕ್ಟ್ರಾನ್, ಆಮೇಲೆ ಹೋಲ್: ಇಲ್ಲಿ ಈ ಕ್ರಮ ಮುಖ್ಯ.

ಇದೇ ಹರಳಿನಿಂದ ಕೆಂಪು ಬೆಳಕೂ ಬರುತ್ತಿತ್ತಂತೆ?

ಹೌದು. ಅದಕ್ಕೆ ಕಲ್ಮಶ ಬೇರೆ. ಗ್ಯಾಲಿಯಂ ಜಾಗದಲ್ಲಿ ಸತು, ಪಕ್ಕದ ರಂಜಕದ ಜಾಗದಲ್ಲಿ ಆಕ್ಸಿಜನ್. ಒಂದಕ್ಕೆ ಎಲೆಕ್ಟ್ರಾನ್ ಒಂದು ಕಡಿಮೆ, ಇನ್ನೊಂದಕ್ಕೆ ಒಂದು ಜಾಸ್ತಿ. ಜೋಡಿಯಾಗಿ ನೋಡಿದರೆ ಲೆಕ್ಕ ಸರಿಹೋಗುತ್ತದೆ. ಈ ಜೋಡಿಯ ಟ್ರ್ಯಾಪ್ ನೈಟ್ರೋಜನ್‌ಗಿಂತ ತುಂಬಾ ಆಳ. ಆದ್ದರಿಂದ ಬೆಳಕಿನ ಶಕ್ತಿ ಕಡಿಮೆಯಾಗಿ ಸುಮಾರು 700 ನ್ಯಾನೋಮೀಟರ್‌ನ ಕೆಂಪು ಬರುತ್ತದೆ. ಹರಳು ಅದೇ, ಬಣ್ಣ ನಿರ್ಧರಿಸಿದ್ದು ಕಲ್ಮಶ.

ಎಲೆಕ್ಟ್ರಾನ್ ಟ್ರ್ಯಾಪ್‌ಗೆ ಬೀಳುವಾಗಲೇ ಶಕ್ತಿ ಕಳೆದುಕೊಳ್ಳಬೇಕಲ್ಲ, ಅದು ಎಲ್ಲಿಗೆ ಹೋಗುತ್ತದೆ?

ಸಾಮಾನ್ಯವಾಗಿ ಹರಳಿನ ಕಂಪನಕ್ಕೆ. ಆದರೆ ಇದರಲ್ಲಿ ಒಂದು ತೊಡಕಿದೆ. ಕಂಪನದ ಒಂದು ತುಣುಕಿಗೆ ಫೋನಾನ್ ಅಂತ ಹೆಸರು. ಗ್ಯಾಲಿಯಂ ಫಾಸ್ಫೈಡ್‌ನಲ್ಲಿ ಅತಿ ದೊಡ್ಡ ಫೋನಾನ್‌ನ ಶಕ್ತಿ ಸುಮಾರು 0.05 ಎಲೆಕ್ಟ್ರಾನ್ ವೋಲ್ಟ್. 1 ಎಲೆಕ್ಟ್ರಾನ್ ವೋಲ್ಟ್ ಆಳದ ಟ್ರ್ಯಾಪ್‌ಗೆ ಬೀಳಬೇಕಾದರೆ 20 ಫೋನಾನ್ ಒಟ್ಟಿಗೆ ಹುಟ್ಟಬೇಕು. ಬಿಡಿಬಿಡಿಯಾಗಿ ಯೋಚಿಸಿದರೆ ಇದು ಅಸಾಧ್ಯ ಅನ್ನಿಸುತ್ತದೆ. ಆದರೂ ಆಳದ ಟ್ರ್ಯಾಪ್‌ಗಳು ಎಲೆಕ್ಟ್ರಾನ್‌ಗಳನ್ನು ಸಲೀಸಾಗಿ ಹಿಡಿಯುತ್ತವೆ.

ಇದಕ್ಕೆ ಉತ್ತರ ಸುತ್ತಲಿನ ಪರಮಾಣುಗಳಲ್ಲಿದೆ. ತುಂಬಿದ ಬಸ್ಸಿನ ಸೀಟಿನಲ್ಲಿ ಇನ್ನೊಬ್ಬರು ಬಂದು ಕೂತರೆ ಪಕ್ಕದವರು ಸರಿದು ಕೂರುತ್ತಾರಲ್ವಾ, ಹಾಗೆ ಎಲೆಕ್ಟ್ರಾನ್ ಬಂದು ಕೂತಾಗ ಅಕ್ಕಪಕ್ಕದ ಪರಮಾಣುಗಳು ಹೊಸ ಜಾಗಕ್ಕೆ ಸರಿಯುತ್ತವೆ. ಖಾಲಿ ಟ್ರ್ಯಾಪ್‌ಗೆ ಒಂದು ನೆಮ್ಮದಿಯ ಜೋಡಣೆ, ತುಂಬಿದ ಟ್ರ್ಯಾಪ್‌ಗೆ ಬೇರೆ ಜೋಡಣೆ.

ಪರಮಾಣುಗಳು ಯಾವಾಗಲೂ ಅಲುಗಾಡುತ್ತಿರುತ್ತವೆ. ಅಲುಗಾಟದ ಜೊತೆಗೆ ಟ್ರ್ಯಾಪ್‌ನ ಮಟ್ಟವೂ ಮೇಲೆ ಕೆಳಗೆ ಆಡುತ್ತದೆ. ಒಮ್ಮೊಮ್ಮೆ ಅಲುಗಾಟ ಜೋರಾಗಿ, ಮಟ್ಟ ಮೇಲಿನ ಪಟ್ಟಿಯನ್ನೇ ಮುಟ್ಟುತ್ತದೆ. ಆ ಕ್ಷಣದಲ್ಲಿ ಎಲೆಕ್ಟ್ರಾನ್ ಒಳಗೆ ಬರುವುದಕ್ಕೆ ಶಕ್ತಿಯ ತಡೆಯೇ ಇಲ್ಲ. ಒಳಗೆ ಬಂದ ಮೇಲೆ ಪರಮಾಣುಗಳಿಗೆ ಹಳೆಯ ಜೋಡಣೆ ಒಗ್ಗುವುದಿಲ್ಲ, ಹೊಸ ಜೋಡಣೆಯ ಕಡೆ ರಭಸದಿಂದ ತೂಗಾಡುತ್ತವೆ. ಆ ತೂಗಾಟವೇ 20 ಫೋನಾನ್. ಸ್ವಲ್ಪ ಹೊತ್ತಿನಲ್ಲಿ ಅದು ಹರಳಿನ ತುಂಬಾ ಹಂಚಿಹೋಗಿ ಶಾಂತವಾಗುತ್ತದೆ.

ಬೆಲ್ ಲ್ಯಾಬ್ಸ್‌ನ ಹೆನ್ರಿ ಮತ್ತು ಲ್ಯಾಂಗ್ 1977ರಲ್ಲಿ ಗ್ಯಾಲಿಯಂ ಆರ್ಸೆನೈಡ್ ಮತ್ತು ಗ್ಯಾಲಿಯಂ ಫಾಸ್ಫೈಡ್‌ಗಳಲ್ಲಿ ಅಳತೆ ಮಾಡಿ ಈ ಚಿತ್ರವನ್ನು ಗಟ್ಟಿಮಾಡಿದರು. ಬಿಸಿ ಹೆಚ್ಚಿದಷ್ಟೂ ಅಲುಗಾಟ ಹೆಚ್ಚು, ಹಿಡಿತವೂ ಬೇಗ. ಎಲ್‌ಇಡಿ ಬಿಸಿಯಾದಾಗ ಬೆಳಕು ಇಳಿಯುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಬೆಳಕೋ ಶಾಖವೋ ಅನ್ನುವುದನ್ನು ನಿರ್ಧರಿಸುವುದು ಯಾವುದು?

ಬಹುಪಾಲು ಆ ಸರಿದಾಟದ ಪ್ರಮಾಣ. ಪರಮಾಣುಗಳು ಸ್ವಲ್ಪವೇ ಸರಿದರೆ ಶಕ್ತಿಗೆ ಕಂಪನವಾಗುವ ದಾರಿ ಕಷ್ಟ, ಬೆಳಕು ಗೆಲ್ಲುತ್ತದೆ. ಜಾಸ್ತಿ ಸರಿದರೆ ಶಾಖದ ದಾರಿ ಸುಲಭ. ಈ ಸರಿದಾಟಕ್ಕೊಂದು ಅಳತೆಯನ್ನು 1950ರಲ್ಲಿ ಹುವಾಂಗ್ ಕುನ್ ಮತ್ತು ಎವ್ರಿಲ್ ರೀಸ್ ಕೊಟ್ಟರು. ಇಂದಿಗೂ ಅದನ್ನು ಹುವಾಂಗ್-ರೀಸ್ ಅಂಶ ಎಂದೇ ಕರೆಯುತ್ತಾರೆ.

ಟ್ರ್ಯಾಪ್‌ನ ಮಟ್ಟ ಎಲ್ಲಿದೆ ಅನ್ನುವುದೂ ಮುಖ್ಯ. ಅಂತರದ ನಡುಮಧ್ಯದಲ್ಲಿದ್ದರೆ ಎಲೆಕ್ಟ್ರಾನ್‌ಗೂ ಹೋಲ್‌ಗೂ ಇಳಿಯಬೇಕಾದ ಮೆಟ್ಟಿಲು ಎರಡೂ ಮಧ್ಯಮ ಎತ್ತರ. ಎರಡನ್ನೂ ಕಂಪನವೇ ನಿಭಾಯಿಸಿಬಿಡಬಹುದು. ಅಂಚಿನ ಹತ್ತಿರ ಇದ್ದರೆ ಒಂದು ಮೆಟ್ಟಿಲು ಚಿಕ್ಕದು, ಇನ್ನೊಂದು ತುಂಬಾ ದೊಡ್ಡದು. ದೊಡ್ಡದನ್ನು ಇಳಿಯುವುದಕ್ಕೆ ಬೆಳಕಿನ ದಾರಿಯೇ ಅನುಕೂಲ.

ಬೆಳಕು ಕೊಲ್ಲುವ ಕಲ್ಮಶ ಎಷ್ಟು ಬೇಗ ಕೆಲಸ ಮಾಡುತ್ತದೆ?

ಲೆಕ್ಕ ಸುಲಭ. ಟ್ರ್ಯಾಪ್‌ಗಳ ಸಂಖ್ಯೆ, ಒಂದೊಂದು ಟ್ರ್ಯಾಪ್ ಎಲೆಕ್ಟ್ರಾನ್‌ಗೆ ಎಷ್ಟು ಅಗಲವಾಗಿ ಕಾಣುತ್ತದೆ ಎಂಬ ಅಳತೆ, ಎಲೆಕ್ಟ್ರಾನ್‌ನ ವೇಗ ಈ ಮೂರನ್ನೂ ಗುಣಿಸಿ. ಘನ ಸೆಂಟಿಮೀಟರ್‌ಗೆ 10¹⁶ ಟ್ರ್ಯಾಪ್, ಅಗಲ 10⁻¹⁵ ಚದರ ಸೆಂಟಿಮೀಟರ್, ವೇಗ ಸೆಕೆಂಡಿಗೆ 10⁷ ಸೆಂಟಿಮೀಟರ್. ಗುಣಿಸಿದರೆ ಸೆಕೆಂಡಿಗೆ 10⁸. ಅಂದರೆ ಎಲೆಕ್ಟ್ರಾನ್ ಸರಾಸರಿ 10 ನ್ಯಾನೋಸೆಕೆಂಡಿನಲ್ಲಿ ಸಿಕ್ಕಿಬೀಳುತ್ತದೆ. ಧನ ವಿದ್ಯುದಂಶವಿರುವ ಟ್ರ್ಯಾಪ್ ದೂರದಿಂದಲೇ ಸೆಳೆಯುವುದರಿಂದ ಅದರ ಅಗಲ ಇನ್ನೂ ನೂರಾರು ಪಟ್ಟು ಇರಬಹುದು. ಋಣ ವಿದ್ಯುದಂಶದ್ದು ಎಲೆಕ್ಟ್ರಾನ್‌ನ ದೂರ ತಳ್ಳುತ್ತದೆ, ಅದರ ಅಗಲ ತೀರಾ ಕಡಿಮೆ.

ಟ್ರ್ಯಾಪ್ ಮೂಲಕ ಎಲೆಕ್ಟ್ರಾನ್ ಮತ್ತು ಹೋಲ್ ಸೇರುವ ಲೆಕ್ಕವನ್ನು 1952ರಲ್ಲಿ ಶಾಕ್ಲಿ ಮತ್ತು ರೀಡ್ ಒಟ್ಟಾಗಿ, ಹಾಲ್ ಪ್ರತ್ಯೇಕವಾಗಿ ಬರೆದರು. ಸೋಲಾರ್ ಸೆಲ್ ಮಾಡುವವರು ಸಿಲಿಕಾನ್‌ನಲ್ಲಿ ಕಬ್ಬಿಣದ ಅಂಶಕ್ಕೆ ಅಷ್ಟೊಂದು ಹೆದರುವುದು ಇದಕ್ಕೇ. ಬಿಸಿಲಿನಿಂದ ಹುಟ್ಟಿದ ಎಲೆಕ್ಟ್ರಾನ್ ತಂತಿ ತಲುಪುವ ಮೊದಲೇ ಕಬ್ಬಿಣ ಹಿಡಿದುಬಿಡುತ್ತದೆ. ಬೇಗ ಆನ್-ಆಫ್ ಆಗಬೇಕಾದ ಡಯೋಡ್‌ಗಳಿಗೆ ಮಾತ್ರ ಈ ಗುಣ ಬೇಕು, ಅಲ್ಲಿ ಚಿನ್ನವನ್ನು ಬೇಕೆಂದೇ ಸೇರಿಸುತ್ತಿದ್ದರು.

ಕಲ್ಮಶದ ಬೆಳಕು ಕೆಲವೊಮ್ಮೆ ಅಗಲವಾದ ಬಣ್ಣದ ಪಟ್ಟಿಯಾಗಿ ಬರುವುದು ಯಾಕೆ?

ಫೋಟಾನ್ ಹೊರಡುವುದು ಕ್ಷಣಮಾತ್ರದಲ್ಲಿ. ಪರಮಾಣುಗಳು ಅಷ್ಟು ಬೇಗ ಸರಿಯಲಾರವು. ಹಾಗಾಗಿ ಫೋಟಾನ್ ಸ್ವಲ್ಪ ಶಕ್ತಿಯನ್ನು ಬಿಟ್ಟು ಹೋಗುತ್ತದೆ, ಆಮೇಲೆ ಪರಮಾಣುಗಳು ಅದನ್ನು ಕಂಪನವಾಗಿ ಖರ್ಚು ಮಾಡುತ್ತವೆ. ಬಿಟ್ಟುಹೋಗುವ ಪಾಲು ಪ್ರತಿ ಸಲವೂ ಒಂದೇ ಇರುವುದಿಲ್ಲ. ಅದಕ್ಕೇ ಬಣ್ಣ ಹರಡುತ್ತದೆ.

ಗ್ಯಾಲಿಯಂ ನೈಟ್ರೈಡ್‌ನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಅಂತರ 3.4 ಎಲೆಕ್ಟ್ರಾನ್ ವೋಲ್ಟ್ ಇರುವ ಹರಳು ನೇರಳಾತೀತ ಬೆಳಕು ಕೊಡಬೇಕು. ಆದರೆ ಅನೇಕ ಹರಳುಗಳಲ್ಲಿ 2.2 ಎಲೆಕ್ಟ್ರಾನ್ ವೋಲ್ಟ್ ಸುತ್ತ ಅಗಲವಾದ ಹಳದಿ ಬೆಳಕೂ ಬರುತ್ತದೆ. ಇದರ ಮೂಲದ ಬಗ್ಗೆ ದಶಕಗಳ ಕಾಲ ವಾದ ನಡೆಯಿತು. ನೈಟ್ರೋಜನ್ ಜಾಗದಲ್ಲಿ ಕೂತ ಇಂಗಾಲದ ಕಡೆಗೆ ಈಗ ಬಲವಾದ ಪುರಾವೆಗಳಿವೆ.

ನೀಲಿ ಎಲ್‌ಇಡಿಯಲ್ಲೂ ಕಲ್ಮಶದ ಪಾತ್ರ ಇತ್ತಾ?

ಇತ್ತು, ಎರಡು ಕಡೆ. ಮೊದಲನೆಯದು ಮೆಗ್ನೀಸಿಯಂ. ಗ್ಯಾಲಿಯಂ ನೈಟ್ರೈಡ್‌ನಲ್ಲಿ ಹೋಲ್‌ಗಳು ಬೇಕಾದರೆ ಮೆಗ್ನೀಸಿಯಂ ಸೇರಿಸಬೇಕು. ಆದರೆ ಹರಳು ಬೆಳೆಸುವಾಗ ಒಳಗೆ ಬರುವ ಹೈಡ್ರೋಜನ್ ಮೆಗ್ನೀಸಿಯಂಗೆ ಅಂಟಿಕೊಂಡು ಅದನ್ನು ನಿಷ್ಕ್ರಿಯ ಮಾಡುತ್ತಿತ್ತು. 1989ರಲ್ಲಿ ಜಪಾನಿನ ವಿಜ್ಞಾನಿಗಳಾದ ಅಕಾಸಾಕಿ ಮತ್ತು ಅಮಾನೊ ಎಲೆಕ್ಟ್ರಾನ್ ಕಿರಣ ಹಾಯಿಸಿ ಅದನ್ನು ಎಬ್ಬಿಸಿದರು. 1992ರಲ್ಲಿ ನಕಾಮುರಾ, ನೈಟ್ರೋಜನ್ ಅನಿಲದಲ್ಲಿ ಕಾಯಿಸಿದರೂ ಅದೇ ಫಲ ಸಿಗುತ್ತದೆ ಎಂದು ತೋರಿಸಿದರು.

ಎರಡನೆಯದು ಅಷ್ಟಾಗಿ ಯಾರೂ ಹೇಳದ ಸಂಗತಿ. ನಕಾಮುರಾ ಅವರ ಆ ಮೊದಲ ಪ್ರಖರ ನೀಲಿ ಎಲ್‌ಇಡಿಯ ಬೆಳಕಿನ ಪದರದಲ್ಲಿ ಸತು ಸೇರಿಸಿದ್ದರು. 450 ನ್ಯಾನೋಮೀಟರ್‌ನ ಆ ನೀಲಿ ಸತುವಿನ ಮಟ್ಟದ ಮೂಲಕವೇ ಬರುತ್ತಿತ್ತು. ಆಮೇಲೆ ತೆಳು ಪದರಗಳ ತಂತ್ರ ಬಂದ ಮೇಲೆ ಸತು ಬೇಕಾಗಲಿಲ್ಲ. ಮೂವರಿಗೂ 2014ರಲ್ಲಿ ನೊಬೆಲ್ ಬಂತು.

ಹಿಡಿದ ಎಲೆಕ್ಟ್ರಾನ್ ಎಷ್ಟು ಹೊತ್ತು ಅಲ್ಲಿರುತ್ತದೆ?

ಟ್ರ್ಯಾಪ್‌ನ ಆಳದ ಮೇಲೆ ಹೋಗುತ್ತದೆ, ಅದೂ ಎಷ್ಟು ಜೋರಾಗಿ ಅಂದರೆ ನಂಬೋದೇ ಕಷ್ಟ. ಎಲೆಕ್ಟ್ರಾನ್ ಹೊರಬರಲು ಸೆಕೆಂಡಿಗೆ 10¹² ಸಲ ಪ್ರಯತ್ನಿಸುತ್ತದೆ ಎಂದಿಟ್ಟುಕೊಳ್ಳಿ, ಇದು ಹರಳಿನ ಕಂಪನಕ್ಕೆ ಹತ್ತಿರದ ಅಂಕಿ. ಕೋಣೆಯ ತಾಪದಲ್ಲಿ 0.1 ಎಲೆಕ್ಟ್ರಾನ್ ವೋಲ್ಟ್ ಆಳವಿದ್ದರೆ ಸುಮಾರು 50 ಪಿಕೋಸೆಕೆಂಡಿನಲ್ಲಿ ಹೊರಬರುತ್ತದೆ. 0.5 ಇದ್ದರೆ ಕಾಲು ಮಿಲಿಸೆಕೆಂಡು. 1 ಇದ್ದರೆ ಸುಮಾರು 17 ಗಂಟೆ. 1.5 ಇದ್ದರೆ 5 ಲಕ್ಷ ವರ್ಷ.

ಕೊನೆಯ ಅಂಕಿ ಸುಮ್ನೆ ಲೆಕ್ಕದ ಆಟ ಅಲ್ಲ. ಮಡಕೆಯ ಮಣ್ಣಿನಲ್ಲಿರುವ ಕ್ವಾರ್ಟ್ಜ್ ಕಣಗಳಲ್ಲಿ ಇಂಥ ಆಳದ ಟ್ರ್ಯಾಪ್‌ಗಳಿವೆ. ಕುಂಬಾರ ಮಡಕೆ ಸುಟ್ಟಾಗ ಅವೆಲ್ಲ ಖಾಲಿಯಾಗುತ್ತವೆ. ಆಮೇಲೆ ಮಣ್ಣಿನ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂನ ವಿಕಿರಣದಿಂದ ನಿಧಾನವಾಗಿ ತುಂಬುತ್ತವೆ. ಪ್ರಯೋಗಾಲಯದಲ್ಲಿ ಮಡಕೆಯ ಚೂರನ್ನು ಕಾಯಿಸಿ, ಹೊರಬರುವ ಬೆಳಕನ್ನು ಅಳೆದರೆ ಸುಟ್ಟು ಎಷ್ಟು ಕಾಲವಾಯಿತು ಎಂದು ಲೆಕ್ಕ ಹಾಕಬಹುದು.

ಆಸ್ಪತ್ರೆಯ ಎಕ್ಸ್-ರೇ ವಿಭಾಗದ ಸಿಬ್ಬಂದಿ ಎದೆಗೆ ಸಿಕ್ಕಿಸಿಕೊಳ್ಳುವ, ಮೈಗೆ ಎಷ್ಟು ವಿಕಿರಣ ತಗುಲಿತು ಎಂದು ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಕೂಡ ಇದೇ ತತ್ವದ್ದು. ಭಾರತದ ಬ್ಯಾಡ್ಜ್‌ಗಳಲ್ಲಿ ಡಿಸ್‌ಪ್ರೋಸಿಯಂ ಸೇರಿಸಿದ ಕ್ಯಾಲ್ಸಿಯಂ ಸಲ್ಫೇಟ್‌ನ ಬಿಲ್ಲೆಗಳಿರುತ್ತವೆ. ಇದು ಅರೆವಾಹಕವಲ್ಲ, ಅವಾಹಕ. ಆದರೂ ಹಿಡಿಯುವ, ಬಿಡುವ, ಬೆಳಗುವ ಕೆಲಸ ಒಂದೇ ಬಗೆಯದು.

ಕತ್ತಲಲ್ಲಿ ಹೊಳೆಯುವ ಸ್ಟಿಕ್ಕರ್‌ನಲ್ಲಿ ರೇಡಿಯಂ ಇರುತ್ತಾ? ಮಕ್ಕಳ ಕೋಣೆಯಲ್ಲಿ ಅಂಟಿಸಬಹುದಾ?

ಈಗಿನ ಸ್ಟಿಕ್ಕರ್‌ಗಳಲ್ಲಿ ರೇಡಿಯಂ ಇರುವುದಿಲ್ಲ. ಹಳೆಯ ಕಾಲದ ಗಡಿಯಾರದ ಮುಳ್ಳುಗಳಲ್ಲಿ ಇತ್ತು, ಅದು ಜಿಂಕ್ ಸಲ್ಫೈಡ್ ಪುಡಿಗೆ ಸತತವಾಗಿ ಶಕ್ತಿ ಕೊಡುತ್ತಿತ್ತು. ಅಂಥ ಹಳೆಯ ಗಡಿಯಾರ ಮನೆಯಲ್ಲಿದ್ದರೆ ಬಿಚ್ಚಬೇಡಿ, ಪುಡಿ ಉಸಿರಿನ ಜೊತೆ ಒಳಗೆ ಹೋಗುವುದು ಅಪಾಯ.

ಈಗಿನ ಅಗ್ಗದ ಸ್ಟಿಕ್ಕರ್‌ಗಳಲ್ಲಿ ತಾಮ್ರ ಸೇರಿಸಿದ ಜಿಂಕ್ ಸಲ್ಫೈಡ್, ಒಳ್ಳೆಯವುಗಳಲ್ಲಿ ಯುರೋಪಿಯಂ ಮತ್ತು ಡಿಸ್‌ಪ್ರೋಸಿಯಂ ಸೇರಿಸಿದ ಸ್ಟ್ರಾನ್ಷಿಯಂ ಅಲ್ಯೂಮಿನೇಟ್ ಇರುತ್ತದೆ. ಎರಡನೆಯದು 1990ರ ದಶಕದಲ್ಲಿ ಜಪಾನಿನಿಂದ ಬಂದದ್ದು. ಟ್ಯೂಬ್‌ಲೈಟ್ ಬೆಳಕಿನಲ್ಲಿ ಟ್ರ್ಯಾಪ್‌ಗಳು ತುಂಬುತ್ತವೆ. ಲೈಟ್ ಆರಿಸಿದ ಮೇಲೆ ಕೋಣೆಯ ಶಾಖ ಎಲೆಕ್ಟ್ರಾನ್‌ಗಳನ್ನು ಒಂದೊಂದಾಗಿ ಬಿಡಿಸುತ್ತದೆ, ಯುರೋಪಿಯಂ ಹಸಿರಾಗಿ ಬೆಳಗುತ್ತದೆ. ಗಂಟೆಗಟ್ಟಲೆ ನಡೆಯುತ್ತದೆ.

ಈ ವಿಷಯಕ್ಕೂ ಬೆಂಗಳೂರಿಗೂ ನಂಟಿದೆ ಅಂತಾರೆ. ನಿಜವಾ?

ನಿಜ. 1940ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರಗಳ ಬೆಳಕಿನ ಮೇಲೆ ದೊಡ್ಡ ಕೆಲಸ ನಡೆಯಿತು. ನೇರಳಾತೀತ ಬೆಳಕು ಬಿದ್ದಾಗ ಕೆಲವು ವಜ್ರ ನೀಲಿಯಾಗಿ, ಕೆಲವು ಹಸಿರಾಗಿ ಹೊಳೆಯುತ್ತವೆ, ಕೆಲವು ಹೊಳೆಯುವುದೇ ಇಲ್ಲ. ಅನ್ನಾ ಮಣಿ ಅಲ್ಲಿ ವಜ್ರಗಳನ್ನು ದ್ರವ ಗಾಳಿಯಲ್ಲಿ ತಣ್ಣಗಾಗಿಸಿ ರೋಹಿತಗಳನ್ನು, ಅಂದರೆ ಬೆಳಕನ್ನು ಬಿಡಿಸಿದಾಗ ಕಾಣುವ ಬಣ್ಣದ ಗೆರೆಗಳನ್ನು, ಫೋಟೋ ಪ್ಲೇಟ್ ಮೇಲೆ ಹಿಡಿದರು. ಬೆಳಕು ಎಷ್ಟು ಮಂದ ಅಂದರೆ ಒಂದೊಂದು ಪ್ಲೇಟ್‌ಗೆ 15ರಿಂದ 20 ಗಂಟೆ ಬೇಕಾಗುತ್ತಿತ್ತು. 1942ರಿಂದ 1945ರ ನಡುವೆ ಐದು ಪ್ರಬಂಧ ಪ್ರಕಟಿಸಿದರು. ಎಂ.ಎಸ್‌ಸಿ. ಇಲ್ಲ ಎಂಬ ಕಾರಣಕ್ಕೆ ಮದ್ರಾಸ್ ವಿಶ್ವವಿದ್ಯಾಲಯ ಅವರಿಗೆ ಪಿಎಚ್‌.ಡಿ. ಕೊಡಲಿಲ್ಲ. ಆ ಮಹಾಪ್ರಬಂಧ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದೆ. ಮುಂದೆ ಅವರು ಹವಾಮಾನ ಉಪಕರಣಗಳಲ್ಲಿ ದೇಶಕ್ಕೇ ದೊಡ್ಡ ಹೆಸರಾದರು. ಆದರೆ ಆ ಪದವಿ ಅವರಿಗೆ ಸಲ್ಲಬೇಕಿತ್ತು ಎಂದೇ ನನ್ನ ಗಟ್ಟಿ ಅಭಿಪ್ರಾಯ.

ಈ ಬೆಳಕು ವಜ್ರದ ಸ್ವಂತ ರಚನೆಯಿಂದಲೇ ಬರುತ್ತದೆ, ಕಲ್ಮಶದಿಂದಲ್ಲ ಎಂದು ರಾಮನ್ ವಾದಿಸಿದ್ದರು. ಮುಂದಿನ ಸಂಶೋಧನೆ ಬೇರೆ ಕಡೆ ತಿರುಗಿತು. ಸಾಮಾನ್ಯ ವಜ್ರಗಳಲ್ಲಿ ನೈಟ್ರೋಜನ್ ಮುಖ್ಯ ಕಲ್ಮಶ ಎಂದು 1959ರಲ್ಲಿ ಕೈಸರ್ ಮತ್ತು ಬಾಂಡ್ ತೋರಿಸಿದರು. 415 ನ್ಯಾನೋಮೀಟರ್‌ನ ನೀಲಿ ಗೆರೆ ಖಾಲಿ ಜಾಗವೊಂದರ ಸುತ್ತ ಮೂರು ನೈಟ್ರೋಜನ್ ಸೇರಿದ ದೋಷದ್ದು. 503 ನ್ಯಾನೋಮೀಟರ್‌ನ ಹಸಿರು ಗೆರೆ ಎರಡು ನೈಟ್ರೋಜನ್ ಮತ್ತು ಒಂದು ಖಾಲಿ ಜಾಗದ್ದು. ಮೂಲದ ಬಗ್ಗೆ ವಿವರಣೆ ಬದಲಾದರೂ ಬೆಂಗಳೂರಿನಲ್ಲಿ ಅಳೆದ ಗೆರೆಗಳು ಇದ್ದಲ್ಲೇ ಇವೆ.

ಟ್ರ್ಯಾಪ್ ಕಣ್ಣಿಗೆ ಕಾಣುವುದಿಲ್ಲವಲ್ಲ, ಅಳೆಯುವುದು ಹೇಗೆ?

ಬೆಳಕು ಕೊಡುವ ಟ್ರ್ಯಾಪ್ ಆದರೆ ಹರಳಿಗೆ ಲೇಸರ್ ಹಾಯಿಸಿ, ಬರುವ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡುತ್ತಾರೆ. ತಣ್ಣಗಾಗಿಸಿದಷ್ಟೂ ಗೆರೆ ಚೂಪಾಗುತ್ತದೆ. ಬೆಳಕು ಕೊಡದ ಟ್ರ್ಯಾಪ್‌ಗೆ ಬೇರೆ ಉಪಾಯ ಬೇಕು. ಲ್ಯಾಂಗ್ 1974ರಲ್ಲಿ ಡಿಎಲ್‌ಟಿಎಸ್ ಎಂಬ ವಿಧಾನ ಕೊಟ್ಟರು. ಡಯೋಡ್‌ಗೆ ಒಂದು ವೋಲ್ಟೇಜ್ ಪಲ್ಸ್ ಕೊಟ್ಟು ಟ್ರ್ಯಾಪ್‌ಗಳನ್ನು ತುಂಬಿಸುತ್ತಾರೆ, ಆಮೇಲೆ ಎಲೆಕ್ಟ್ರಾನ್‌ಗಳು ಹೊರಬರುವಾಗ ಕೆಪಾಸಿಟೆನ್ಸ್ ಹೇಗೆ ಬದಲಾಗುತ್ತದೆ ನೋಡುತ್ತಾರೆ. ತಾಪ ಬದಲಿಸುತ್ತಾ ಹೋದರೆ ಟ್ರ್ಯಾಪ್‌ನ ಆಳ, ಸಂಖ್ಯೆ, ಅಗಲ ಸಿಗುತ್ತವೆ.

ಒಂದೇ ಒಂದು ಕಲ್ಮಶದ ಬೆಳಕನ್ನು ನೋಡಬಹುದಾ?

ನೋಡಬಹುದು. ವಜ್ರದಲ್ಲಿ ಒಂದು ನೈಟ್ರೋಜನ್, ಅದರ ಪಕ್ಕ ಒಂದು ಖಾಲಿ ಜಾಗ ಇರುವ ದೋಷಕ್ಕೆ ಎನ್‌ವಿ ಸೆಂಟರ್ ಎಂದು ಹೆಸರು. 1997ರಲ್ಲಿ ಜರ್ಮನಿಯ ತಂಡವೊಂದು ಇಂಥ ಒಂಟಿ ದೋಷದ ಬೆಳಕನ್ನು ಸೂಕ್ಷ್ಮದರ್ಶಕದಲ್ಲಿ ಹಿಡಿಯಿತು. ಹಸಿರು ಲೇಸರ್ ಹಾಯಿಸಿದರೆ ಅದು ಕೆಂಪಾಗಿ ಬೆಳಗುತ್ತದೆ. 2.87 ಗಿಗಾಹರ್ಟ್ಸ್‌ನ ಮೈಕ್ರೋವೇವ್ ಕೊಟ್ಟಾಗ ಬೆಳಕು ಸ್ವಲ್ಪ ಮಂಕಾಗುತ್ತದೆ. ಅಯಸ್ಕಾಂತ ಹತ್ತಿರ ತಂದರೆ ಆ ಆವರ್ತನ ಸರಿಯುತ್ತದೆ, ಅದರಿಂದ ಕಾಂತಕ್ಷೇತ್ರವನ್ನು ಅಳೆಯುತ್ತಾರೆ.

ಇಲ್ಲೂ ಎಲೆಕ್ಟ್ರಾನ್ ಹಿಡಿಯುವುದೇ ಮುಖ್ಯ. ತಟಸ್ಥವಾಗಿರುವ ಎನ್‌ವಿ ಸೆಂಟರ್‌ನ ಮೂಲ ಗೆರೆ 575 ನ್ಯಾನೋಮೀಟರ್‌ನಲ್ಲಿದೆ. ಹತ್ತಿರದ ಬೇರೊಂದು ನೈಟ್ರೋಜನ್ ಬಿಟ್ಟುಕೊಟ್ಟ ಒಂದು ಎಲೆಕ್ಟ್ರಾನ್‌ನ ಹಿಡಿದರೆ ಆ ಗೆರೆ 637ಕ್ಕೆ ಸರಿಯುತ್ತದೆ. ಕಾಂತಕ್ಷೇತ್ರ ಅಳೆಯುವ ಕೆಲಸಕ್ಕೆ ಬರುವುದು ಈ ಎರಡನೆಯ ರೂಪ ಮಾತ್ರ.